ನಿದ್ದೆಗೆಟ್ಟರೆ ಫಿಟ್ಸ್ ಬರುವುದೇಕೆ? ಮೂರ್ಛೆರೋಗ ಇರುವ ವಯಸ್ಕರು ತಿಳಿದಿರಬೇಕಾದ ನಿದ್ರೆಯ ಲೆಕ್ಕ

ಗುಜರಾತಿನ ವಡೋದರಾ ನಗರದ ದಕ್ಷಿಣ ಭಾಗದಲ್ಲಿರುವ ಮಕರಪುರ ಜಿಐಡಿಸಿ ಕೈಗಾರಿಕಾ ಪ್ರದೇಶ. ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿದವರು ಮನೆ ಕಡೆ ಹೊರಡುವ ಹೊತ್ತಿಗೆ ಹಗಲು ಪಾಳಿಯವರು ಒಳಗೆ ಬರುತ್ತಾರೆ. ಬೆಂಗಳೂರಿನ ಪೀಣ್ಯದಲ್ಲೂ ಇದೇ ದೃಶ್ಯ. ಹೀಗೆ ಮನೆಗೆ ಹೊರಟವರಲ್ಲಿ ಮೂರ್ಛೆರೋಗಕ್ಕೆ ಮಾತ್ರೆ ನುಂಗುವವರೂ ಇರುತ್ತಾರೆ, ಆದರೆ ಅದನ್ನು ಯಾರಿಗೂ ಹೇಳಿಕೊಂಡಿರುವುದಿಲ್ಲ. ಅವರ ಜೇಬಿನಲ್ಲಿರುವ ಚೀಟಿಯಲ್ಲಿ ವೈದ್ಯರು '1-0-1' ಎಂದು ಬರೆದಿರುತ್ತಾರೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಮಲಗುವ ಮುನ್ನ ಒಂದು. ಬೆಳಿಗ್ಗೆ ಎಂಟಕ್ಕೆ ಮಲಗಿ ಮಧ್ಯಾಹ್ನ ಎರಡಕ್ಕೆ ಏಳುವವನಿಗೆ ಇದರಲ್ಲಿ 'ರಾತ್ರಿ' ಯಾವುದು, 'ಬೆಳಿಗ್ಗೆ' ಯಾವುದು?

ಇದು ಸಣ್ಣ ಪ್ರಶ್ನೆಯಂತೆ ಕಂಡರೂ ಮೂರ್ಛೆರೋಗ ಹತೋಟಿಯಲ್ಲಿರುವುದು ಅಥವಾ ತಪ್ಪುವುದು ಎಷ್ಟೋ ಸಲ ಇಲ್ಲೇ. ಮಾತ್ರೆಯ ವೇಳೆ ಏರುಪೇರಾಗುತ್ತದೆ, ನಿದ್ರೆ ಕಡಿಮೆಯಾಗುತ್ತದೆ, ಎರಡೂ ಸೇರಿ ಫಿಟ್ಸ್ ಮರಳುತ್ತದೆ. ಮನೆಯವರು 'ಮಾತ್ರೆ ಕೆಲಸ ಮಾಡುತ್ತಿಲ್ಲ' ಎಂದು ಆಸ್ಪತ್ರೆ ಬದಲಿಸುತ್ತಾರೆ. ನಿದ್ರೆಯ ಬಗ್ಗೆ ಯಾರೂ ಕೇಳುವುದೂ ಇಲ್ಲ, ಇವರು ಹೇಳುವುದೂ ಇಲ್ಲ.

ನಮ್ಮ ನಡುವೆ ಎಷ್ಟು ಮಂದಿ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆರೋಗವಿದೆ. ಭಾರತದಲ್ಲಿ ಈ ಸಂಖ್ಯೆ 1 ಕೋಟಿ ಮೀರಿದೆ ಎಂಬ ಅಂದಾಜಿದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ನಗರ ಹಾಗೂ ಸುತ್ತಲಿನ ಹಳ್ಳಿಗಳ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸಾವಿರಕ್ಕೆ ಸುಮಾರು 9 ಮಂದಿಗೆ ಈ ರೋಗ ಕಂಡುಬಂದಿತ್ತು. ಹಳ್ಳಿಗಳಲ್ಲಿ ಅದು ನಗರದ ಎರಡರಷ್ಟಿತ್ತು. ಅಂದರೆ ಸಾವಿರ ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಐದಾರು ಮಂದಿಯಾದರೂ ಇರುವ ಸಾಧ್ಯತೆ ಇದೆ.

ಹೆಸರುಗಳಂತೂ ಹಲವು. ಕನ್ನಡದಲ್ಲಿ ಮೂರ್ಛೆರೋಗ, ಅಪಸ್ಮಾರ, ಹಳ್ಳಿ ಕಡೆ ಮಲರೋಗ, ಎಲ್ಲೆಡೆ ಫಿಟ್ಸ್. ಗುಜರಾತಿಯಲ್ಲಿ ವಾಯಿ, ಖೇಂಚ್, ಹಿಂದಿಯಲ್ಲಿ ಮಿರ್ಗಿ. ನಟರಾಜನ ಕಾಲಡಿಯಲ್ಲಿ ಬಿದ್ದಿರುವ ಕುಳ್ಳನ ಹೆಸರೂ ಅಪಸ್ಮಾರನೇ. ರೋಗದ ಮೂಲ ಮಾತ್ರ ಒಂದೇ: ಮಿದುಳಿನ ನರಕೋಶಗಳ ಗುಂಪೊಂದು ಅಳತೆ ಮೀರಿ, ಒಟ್ಟೊಟ್ಟಿಗೆ ವಿದ್ಯುತ್ ಸಂಕೇತ ಹೊಮ್ಮಿಸುವುದು. ಇದು ಅಂಟುರೋಗವಲ್ಲ, ಹುಚ್ಚೂ ಅಲ್ಲ.

ಮಲಗಿದಾಗ ಮಿದುಳಿನಲ್ಲಿ ಏನಾಗುತ್ತದೆ?

ನಿದ್ರೆಗೂ ಫಿಟ್ಸ್‌ಗೂ ನಂಟಿದೆ ಎಂಬುದು ಹೊಸ ಮಾತಲ್ಲ. ಬ್ರಿಟನ್ನಿನ ನರರೋಗ ತಜ್ಞ ವಿಲಿಯಂ ಗೋವರ್ಸ್ 1885ರಲ್ಲೇ 840 ರೋಗಿಗಳ ಲೆಕ್ಕ ಹಾಕಿದ್ದರು. ನೂರರಲ್ಲಿ 21 ಮಂದಿಗೆ ರಾತ್ರಿ ಮಾತ್ರ, 42 ಮಂದಿಗೆ ಹಗಲು ಮಾತ್ರ, ಉಳಿದವರಿಗೆ ಹಗಲು ರಾತ್ರಿ ಎನ್ನದೆ ಫಿಟ್ಸ್ ಬರುತ್ತಿತ್ತು. ಆಗ ಮಿದುಳಿನ ತರಂಗ ನೋಡುವ ಯಂತ್ರವೇ ಇರಲಿಲ್ಲ. ಜರ್ಮನಿಯ ಹನ್ಸ್ ಬರ್ಗರ್ ಮನುಷ್ಯರ ಇಇಜಿಯನ್ನು ಪ್ರಕಟಿಸಿದ್ದು 1929ರಲ್ಲಿ. ಆ ನಂತರ ಕಾರಣ ನಿಧಾನವಾಗಿ ಬಿಚ್ಚಿಕೊಂಡಿತು.

ನಾವು ಮಲಗಿದಾಗ ಮಿದುಳು ಪೂರ್ತಿ ವಿಶ್ರಾಂತಿಗೆ ಹೋಗುವುದಿಲ್ಲ. ರಾತ್ರಿಯಿಡೀ ಎರಡು ಬಗೆಯ ನಿದ್ರೆ ಸರದಿಯಲ್ಲಿ ಬಂದು ಹೋಗುತ್ತವೆ. ಒಂದು, ಕಣ್ಣುಗುಡ್ಡೆ ಚುರುಕಾಗಿ ಚಲಿಸುವ, ಕನಸು ಹೆಚ್ಚಾಗಿ ಬೀಳುವ 'ರೆಮ್' ನಿದ್ರೆ. ಇನ್ನೊಂದು, ಜೊಂಪಿನಿಂದ ಗಾಢ ನಿದ್ರೆಯವರೆಗಿನ 'ನಾನ್-ರೆಮ್' ನಿದ್ರೆ. ನಾನ್-ರೆಮ್ ಹೊತ್ತಿನಲ್ಲಿ ಕೋಟ್ಯಂತರ ನರಕೋಶಗಳು ಒಂದೇ ಲಯಕ್ಕೆ ಕುಣಿಯುತ್ತವೆ. ಜಾತ್ರೆಯಲ್ಲಿ ಜನ ತಮ್ಮ ಪಾಡಿಗೆ ಓಡಾಡುವಾಗ ನೂಕುನುಗ್ಗಲು ಒಂದು ಮೂಲೆಯಲ್ಲೇ ಉಳಿಯುತ್ತದೆ. ಎಲ್ಲರೂ ಒಂದೇ ಸಲ ತೇರಿನ ಹಗ್ಗ ಎಳೆಯುವಾಗ ಒಬ್ಬ ಎಡವಿದರೂ ಸಾಲು ಸಾಲೇ ಬೀಳುತ್ತದೆ. ನಾನ್-ರೆಮ್ ನಿದ್ರೆಯಲ್ಲಿ ತಪ್ಪು ಸಂಕೇತ ಹರಡುವುದು ಹೀಗೆ. ರೆಮ್ ನಿದ್ರೆಯಲ್ಲಿ ಈ ಒಗ್ಗಟ್ಟು ಮುರಿಯುವುದರಿಂದ ಫಿಟ್ಸ್ ಬಹಳ ಅಪರೂಪ.

ಮಿದುಳಿನ ಯಾವ ಭಾಗ ಎಂಬುದೂ ಮುಖ್ಯ. ಹಣೆಯ ಹಿಂದಿನ ಭಾಗದಿಂದ ಏಳುವ ಫಿಟ್ಸ್ ನಿದ್ರೆಯಲ್ಲೇ ಹೆಚ್ಚು. ಕಿವಿಯ ಮೇಲ್ಭಾಗದ ಒಳಗಿನಿಂದ ಏಳುವುದು ಎಚ್ಚರವಿದ್ದಾಗ ಹೆಚ್ಚಾದರೂ, ನಿದ್ರೆಯಲ್ಲಿ ಬಂದರೆ ಇಡೀ ದೇಹಕ್ಕೆ ಹರಡುವ ಸಾಧ್ಯತೆ ಜಾಸ್ತಿ.

ಕೈಯಿಂದ ಹಾರುವ ಕಾಫಿ ಲೋಟ

ನಿದ್ದೆಗೆಟ್ಟ ಮರುದಿನವೇ ಫಿಟ್ಸ್ ಬರುವ ರೋಗಕ್ಕೆ ಅತ್ಯಂತ ಒಳ್ಳೆಯ ಉದಾಹರಣೆ ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ. ವೈದ್ಯರು ಚುಟುಕಾಗಿ ಜೆಎಂಇ ಎನ್ನುತ್ತಾರೆ. ಹದಿಹರೆಯದಲ್ಲಿ ಶುರುವಾಗಿ ಸಾಮಾನ್ಯವಾಗಿ ಜೀವನವಿಡೀ ಜೊತೆಗಿರುತ್ತದೆ. ಬೆಳಿಗ್ಗೆ ಎದ್ದ ಒಂದೆರಡು ಗಂಟೆಯೊಳಗೆ ತೋಳು, ಭುಜ ತಟ್ಟನೆ ಜಗ್ಗಿದಂತಾಗುತ್ತದೆ. ಕಾಫಿ ಲೋಟ ಚೆಲ್ಲುತ್ತದೆ, ಹಲ್ಲುಜ್ಜುವ ಬ್ರಷ್ ಹಾರಿಹೋಗುತ್ತದೆ. 'ಕೈ ಸ್ವಾಧೀನ ಇಲ್ವಾ' ಎಂದು ಮನೆಯಲ್ಲಿ ಬೈಗುಳವೂ ಬೀಳುತ್ತದೆ. ಪರೀಕ್ಷೆಗೆ ಓದಿ, ಮದುವೆ ಮನೆಯಲ್ಲಿ ಜಾಗರಣೆ ಮಾಡಿ ಅಥವಾ ರಾತ್ರಿ ಬಸ್ಸಿನಲ್ಲಿ ಪ್ರಯಾಣಿಸಿ ಬಂದ ಮರುಬೆಳಗ್ಗೆ ದೊಡ್ಡ ಫಿಟ್ಸ್ ಬಂದಾಗಲೇ ಆಸ್ಪತ್ರೆಗೆ ಓಡುವುದು.

ಈ ರೋಗ ಸರಿಯಾದ ಮಾತ್ರೆಗೆ ಚೆನ್ನಾಗಿ ಬಗ್ಗುತ್ತದೆ. ಆದರೆ ಬೇರೆ ಬಗೆಯ ಮೂರ್ಛೆರೋಗಕ್ಕೆ ಧಾರಾಳವಾಗಿ ಕೊಡುವ ಕಾರ್ಬಮಜೆಪಿನ್‌ನಂತಹ ಔಷಧ ಕೆಲವರಲ್ಲಿ ಇದನ್ನು ಹೆಚ್ಚಿಸಬಹುದು. ಆದ್ದರಿಂದ 'ಬೆಳಿಗ್ಗೆ ಕೈ ಜಗ್ಗುತ್ತದೆ' ಎಂಬ ಒಂದು ಮಾತನ್ನು ವೈದ್ಯರಿಗೆ ಹೇಳದೆ ಬರಬಾರದು. ಕೇಳದಿದ್ದರೂ ಹೇಳಿ.

ಹಾಗೆಂದು ಎಲ್ಲ ಮೂರ್ಛೆರೋಗವೂ ನಿದ್ದೆಗೆಟ್ಟ ತಕ್ಷಣ ಕೆರಳುವುದಿಲ್ಲ. ಅಮೆರಿಕದಲ್ಲಿ ಬೆತ್ ಮಾಲೋ ಮತ್ತು ಸಂಗಡಿಗರು ಮಾತ್ರೆಗೆ ಬಗ್ಗದ, ಮಿದುಳಿನ ಒಂದು ಭಾಗದಿಂದ ಏಳುವ ಫಿಟ್ಸ್ ಇದ್ದ 84 ಮಂದಿಯನ್ನು ಆಸ್ಪತ್ರೆಯಲ್ಲಿರಿಸಿ ಅಧ್ಯಯನ ಮಾಡಿದ್ದರು. ಅರ್ಧದಷ್ಟು ಮಂದಿಗೆ ದಿನಬಿಟ್ಟು ದಿನ ನಿದ್ದೆ ಕೆಡಿಸಿದರೂ ಫಿಟ್ಸ್ ಹೆಚ್ಚಾಗಲಿಲ್ಲ ಎಂದು 2002ರಲ್ಲಿ ವರದಿ ಮಾಡಿದರು. ಹಾಗಾಗಿ ನಿದ್ದೆಗೆಡುವುದು ಯಾರಿಗೆ ಎಷ್ಟು ಅಪಾಯ ಎಂಬುದು ರೋಗದ ಬಗೆಯ ಮೇಲೆ ನಿಂತಿದೆ. ಅದು ಗೊತ್ತಾಗುವುದು ಅವರವರ ಫಿಟ್ಸ್ ಚರಿತ್ರೆಯಿಂದ ಮತ್ತು ಇಇಜಿಯಿಂದ. ಇಇಜಿ ತೆಗೆಯುವ ಹಿಂದಿನ ರಾತ್ರಿ 'ಕಡಿಮೆ ಮಲಗಿ ಬನ್ನಿ' ಎಂದು ಹೇಳುವುದೂ ಇದಕ್ಕೇ. ಎಚ್ಚರವಿದ್ದಾಗ ಅಡಗಿರುವ ತಪ್ಪು ತರಂಗ ಪರೀಕ್ಷೆಯ ವೇಳೆ ಜೊಂಪು ಹತ್ತಿದಾಗ ಕಾಣಿಸಿಕೊಳ್ಳುತ್ತದೆ. ತಾವಾಗಿ ಮಾತ್ರೆ ಬಿಟ್ಟು ಪರೀಕ್ಷೆಗೆ ಹೋಗುವ ತಪ್ಪನ್ನು ಮಾತ್ರ ಯಾರೂ ಮಾಡಬಾರದು.

ಗೊರಕೆಯನ್ನು ಲಘುವಾಗಿ ನೋಡಬೇಡಿ

ನಿದ್ರೆಯ ತೊಂದರೆಯಿಂದ ಫಿಟ್ಸ್ ಹೆಚ್ಚಾದರೆ, ಫಿಟ್ಸ್‌ನಿಂದ ನಿದ್ರೆಯೂ ಕೆಡುತ್ತದೆ. ನೆದರ್ಲೆಂಡ್ಸ್‌ನಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರ್ಛೆರೋಗ ಇರುವ ವಯಸ್ಕರಲ್ಲಿ ನೂರಕ್ಕೆ ಸುಮಾರು 39 ಮಂದಿ ನಿದ್ರೆಯ ತೊಂದರೆ ಹೇಳಿಕೊಂಡಿದ್ದರು. ರೋಗ ಇಲ್ಲದವರಲ್ಲಿ ಅದು 18. ಕೆಲವರಿಗೆ ನಿದ್ರೆ ಹತ್ತುವುದಿಲ್ಲ, ಕೆಲವರಿಗೆ ಮಧ್ಯೆ ಮಧ್ಯೆ ಎಚ್ಚರ, ಇನ್ನು ಕೆಲವರಿಗೆ ಹಗಲೆಲ್ಲ ತೂಕಡಿಕೆ. ಹಗಲಿನ ತೂಕಡಿಕೆ ಬಂದರೆ ಬಹುತೇಕರು ಮಾತ್ರೆಯನ್ನೇ ದೂರುತ್ತಾರೆ. ಅದು ಎಷ್ಟೋ ಸಲ ನಿಜ. ಫಿನೊಬಾರ್ಬಿಟೋನ್, ಕ್ಲೋಬಜಾಮ್ ಮಂಪರು ತರಿಸುತ್ತವೆ. ಲ್ಯಾಮೋಟ್ರಿಜಿನ್ ಕೆಲವರ ನಿದ್ದೆ ಕೆಡಿಸುತ್ತದೆ. ಆದರೆ ಮಾತ್ರೆಯ ಹಿಂದೆ ಇನ್ನೊಬ್ಬ ಕಳ್ಳ ಅಡಗಿರಬಹುದು. ಅದೇ ಸ್ಲೀಪ್ ಆಪ್ನಿಯ, ಅಂದರೆ ನಿದ್ರೆಯಲ್ಲಿ ಉಸಿರಿನ ದಾರಿ ಕುಸಿದು ಮತ್ತೆ ಮತ್ತೆ ಉಸಿರು ಕಟ್ಟುವುದು.

ಜೋರು ಗೊರಕೆ, ನಡುವೆ ಕೆಲ ಸೆಕೆಂಡು ನಿಶ್ಶಬ್ದ, ಆಮೇಲೆ ಗಂಟಲು ಬಿಗಿದು ಉಸಿರೆಳೆದಂತೆ ಸದ್ದು. ಪಕ್ಕದಲ್ಲಿ ಮಲಗುವವರಿಗೆ ಇದು ಗೊತ್ತಿರುತ್ತದೆ, ಮಲಗಿದವರಿಗೆ ಗೊತ್ತಿರುವುದಿಲ್ಲ. ಪ್ರತಿ ಸಲ ಉಸಿರು ಕಟ್ಟಿದಾಗಲೂ ರಕ್ತದ ಆಮ್ಲಜನಕ ಇಳಿದು ಮಿದುಳು ಅರೆ ಎಚ್ಚರವಾಗುತ್ತದೆ. ಎಂಟು ಗಂಟೆ ಮಲಗಿದರೂ ನಿದ್ದೆಯಾಗಿರುವುದಿಲ್ಲ. ಮಾತ್ರೆಗೆ ಬಗ್ಗದೆ ಶಸ್ತ್ರಚಿಕಿತ್ಸೆಯ ಪರಿಶೀಲನೆಗೆ ಬಂದಿದ್ದ 39 ವಯಸ್ಕರನ್ನು ಮಾಲೋ ತಂಡವೇ 2000ನೇ ಇಸವಿಯಲ್ಲಿ ಪರೀಕ್ಷಿಸಿದಾಗ ಮೂರನೇ ಒಂದರಷ್ಟು ಮಂದಿಗೆ ಆಪ್ನಿಯ ಇತ್ತು. ಮೂಗಿಗೆ ಮುಖವಾಡ ಹಾಕಿ ಗಾಳಿಯ ಒತ್ತಡ ಕೊಡುವ ಸಿಪ್ಯಾಪ್ ಯಂತ್ರದಿಂದ ಅನೇಕರಲ್ಲಿ ಫಿಟ್ಸ್ ಕಡಿಮೆಯಾಗಿದ್ದೂ ವರದಿಯಾಗಿದೆ. ಇನ್ನೊಂದು ಸಂಗತಿ: ವಾಲ್‌ಪ್ರೊಯೇಟ್ ಕೆಲವರಲ್ಲಿ ತೂಕ ಏರಿಸುತ್ತದೆ, ತೂಕ ಏರಿದರೆ ಗೊರಕೆಯೂ ಏರುತ್ತದೆ. ಮಾತ್ರೆ ಶುರುವಾದ ಮೇಲೆ ಪ್ಯಾಂಟು ಬಿಗಿಯಾಯಿತು ಎಂಬುದನ್ನೂ ವೈದ್ಯರಿಗೆ ಹೇಳಬೇಕಾಗುತ್ತದೆ.

ನಿದ್ದೆ ಬರುತ್ತಿಲ್ಲವೆಂದು ಮೆಡಿಕಲ್ ಶಾಪಿನಿಂದ ಗುಳಿಗೆ ತಂದು ನುಂಗುವುದು ಅಪಾಯ. ಕೆಲವು ಅಲರ್ಜಿ, ನೋವು, ಖಿನ್ನತೆಯ ಔಷಧಗಳು ಫಿಟ್ಸ್ ಸುಲಭವಾಗಿ ಬರುವಂತೆ ಮಾಡಬಲ್ಲವು. ನೋವಿಗೆ ಕೊಡುವ ಟ್ರಮಡಾಲ್ ಅಂಥದ್ದು. ನಿದ್ದೆ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೂ ಫಿಟ್ಸ್ ಬರಬಹುದು. ಮದ್ಯದ ಮಾತೂ ಹೀಗೆಯೇ. ಕುಡಿದ ರಾತ್ರಿಗಿಂತ ಅಮಲು ಇಳಿಯುವ ಮರುಬೆಳಗ್ಗೆ ಅಪಾಯ ಹೆಚ್ಚು. ಪಾನನಿಷೇಧವಿರುವ ಗುಜರಾತಿನಲ್ಲೂ ವೈದ್ಯರು ಈ ಪ್ರಶ್ನೆ ಕೇಳುವುದನ್ನು ಬಿಡುವಂತಿಲ್ಲ.

ದೆವ್ವವಲ್ಲ, ಫಿಟ್ಸ್ ಇರಬಹುದು

ನಡುರಾತ್ರಿ ತಟ್ಟನೆ ಎದ್ದು ಕೂರುವುದು, ಕಿರುಚುವುದು, ಕಾಲು ಸೈಕಲ್ ತುಳಿದಂತೆ ಆಡಿಸುವುದು, ಅರ್ಧ ನಿಮಿಷದಲ್ಲಿ ಮತ್ತೆ ಮಲಗುವುದು. ಇದನ್ನು ನೋಡಿದ ಮನೆಯವರು 'ಗಾಳಿ ಸೋಕಿದೆ' ಎಂದು ತಾಯಿತ ಕಟ್ಟಿಸುತ್ತಾರೆ. ಇದು ಹಣೆಯ ಹಿಂದಿನ ಭಾಗದಿಂದ ಏಳುವ ಫಿಟ್ಸ್ ಆಗಿರಬಹುದು. ಹಿಂದೆ ಇದನ್ನು ರಾತ್ರಿಯ ಫ್ರಂಟಲ್ ಲೋಬ್ ಎಪಿಲೆಪ್ಸಿ ಎನ್ನುತ್ತಿದ್ದರು. ಇದಕ್ಕೆ ಕಾರಣ ರಾತ್ರಿಯಲ್ಲ ನಿದ್ರೆ ಎಂಬ ಕಾರಣಕ್ಕೆ ತಜ್ಞರು ಹೆಸರಿನಿಂದ 'ರಾತ್ರಿ' ಪದವನ್ನೇ ತೆಗೆದುಹಾಕಿದರು. ಹಗಲು ಮಲಗುವ ಪಾಳಿ ಕಾರ್ಮಿಕನಿಗೆ ಇದು ಹಗಲಲ್ಲೇ ಬರುತ್ತದೆ.

ಪತ್ತೆ ಹೇಗೆ? ಫಿಟ್ಸ್ ಸಾಮಾನ್ಯವಾಗಿ ಎರಡು ನಿಮಿಷದೊಳಗೆ ಮುಗಿಯುತ್ತದೆ, ಪ್ರತಿ ಸಲವೂ ಒಂದೇ ರೀತಿ ಇರುತ್ತದೆ, ಒಂದೇ ರಾತ್ರಿ ಹಲವು ಸಲ ಬರಬಹುದು. ಐವತ್ತು ದಾಟಿದವರು ಬೆಳಗಿನ ಜಾವ ಕನಸಿನ ಜಗಳವನ್ನೇ ಹಾಸಿಗೆಯಲ್ಲಿ ಆಡಿ ಪಕ್ಕದವರಿಗೆ ಗುದ್ದುವುದು ಬೇರೆಯದೇ ನಿದ್ರಾ ತೊಂದರೆ. ಅದಕ್ಕೂ ಚಿಕಿತ್ಸೆ ಇದೆ. ಮನೆಯವರು ಮೊಬೈಲ್‌ನಲ್ಲಿ ವಿಡಿಯೊ ಮಾಡಿ ತೋರಿಸಿದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ಸಂದೇಹ ಉಳಿದರೆ ವಿಡಿಯೊ ಇಇಜಿ ಮಾಡಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯವಿದೆ.

ಒಂಟಿಯಾಗಿ ಮಲಗುವವರಿಗೆ ರಾತ್ರಿ ಫಿಟ್ಸ್ ಬಂದದ್ದೇ ತಿಳಿಯದಿರಬಹುದು. ಬೆಳಿಗ್ಗೆ ನಾಲಿಗೆಯ ಅಂಚಿನಲ್ಲಿ ಗಾಯ, ದಿಂಬಿನ ಮೇಲೆ ರಕ್ತದ ಕಲೆ, ಹಾಸಿಗೆ ಒದ್ದೆ, ಕಾರಣವಿಲ್ಲದ ಮೈಕೈ ನೋವು, ತಲೆನೋವು ಕಂಡರೆ ಸಂಶಯಪಡಬೇಕು.

ಇದನ್ನು ಕಡೆಗಣಿಸಬಾರದು ಎನ್ನಲು ಗಂಭೀರ ಕಾರಣವಿದೆ. ಮೂರ್ಛೆರೋಗ ಇರುವ ವಯಸ್ಕರಲ್ಲಿ ವರ್ಷಕ್ಕೆ ಸಾವಿರಕ್ಕೆ ಒಬ್ಬರಂತೆ ಹಠಾತ್ ಸಾವು ಸಂಭವಿಸುತ್ತದೆ ಎಂದು ಅಮೆರಿಕದ ನರರೋಗ ತಜ್ಞರ ಅಕಾಡೆಮಿ 2017ರ ಮಾರ್ಗಸೂಚಿಯಲ್ಲಿ ಹೇಳಿದೆ. ಇದಕ್ಕೆ ವೈದ್ಯರು ಸುಡೆಪ್ ಎನ್ನುತ್ತಾರೆ. ಇಂಥ ಸಾವುಗಳಲ್ಲಿ ಹೆಚ್ಚಿನವು ಆಗುವುದು ಹಾಸಿಗೆಯಲ್ಲಿ, ಬೋರಲಾಗಿ ಮಲಗಿದ ಸ್ಥಿತಿಯಲ್ಲಿ, ಯಾರೂ ಜೊತೆಗಿಲ್ಲದಾಗ. ಇಡೀ ದೇಹ ಅದುರುವ ಫಿಟ್ಸ್ ಹತೋಟಿಗೆ ಬರದವರಿಗೆ ಅಪಾಯ ಹೆಚ್ಚು, ಪೂರ್ತಿ ಹತೋಟಿಯಲ್ಲಿರುವವರಿಗೆ ಬಹಳ ಕಡಿಮೆ. ಅದೇ ಕೋಣೆಯಲ್ಲಿ ಇನ್ನೊಬ್ಬರು ಮಲಗುವುದರಿಂದ ಅಪಾಯ ತಗ್ಗುತ್ತದೆ. ಊರು ಬಿಟ್ಟು ಬಂದು ಕೋಣೆ ಹಂಚಿಕೊಂಡಿರುವವರು ಕಾರ್ಖಾನೆಗೆ ಹೇಳದಿದ್ದರೂ ಒಬ್ಬ ಸಂಗಾತಿಗಾದರೂ ಹೇಳಿರಬೇಕು ಎನ್ನುವುದು ಇದೇ ಕಾರಣಕ್ಕೆ.

ಆ ಸಂಗಾತಿಗೆ ಗೊತ್ತಿರಬೇಕಾದ್ದು ಇಷ್ಟು: ಫಿಟ್ಸ್ ಬಂದಾಗ ಗಡಿಯಾರ ನೋಡಿ. ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ, ಅದುರುವುದು ನಿಂತ ಕೂಡಲೇ ಒಂದು ಮಗ್ಗುಲಿಗೆ ಹೊರಳಿಸಿ, ಉಸಿರಾಟ ಗಮನಿಸಿ. ಕೈಯಲ್ಲಿ ಕಬ್ಬಿಣದ ಬೀಗದಕೈ ಇಡುವುದು, ಚಪ್ಪಲಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು ಬೇಡ. ಐದು ನಿಮಿಷ ಮೀರಿದರೆ ಅಥವಾ ಎಚ್ಚರವಾಗದೆ ಮತ್ತೆ ಬಂದರೆ 108ಕ್ಕೆ ಕರೆ ಮಾಡಿ. ಕರ್ನಾಟಕದಲ್ಲೂ ಗುಜರಾತಿನಲ್ಲೂ ಅದೇ ಸಂಖ್ಯೆ.

ಪಾಳಿ, ಹಬ್ಬ, ಬಾಣಂತನ

ಮತ್ತೆ '1-0-1'ಕ್ಕೆ ಬರೋಣ. ದಿನಕ್ಕೆರಡು ಸಲದ ಮಾತ್ರೆಯ ಉದ್ದೇಶ ರಕ್ತದಲ್ಲಿ ಔಷಧದ ಮಟ್ಟ ಕುಸಿಯದಂತೆ ನೋಡಿಕೊಳ್ಳುವುದು. ಅಲ್ಲಿ ಮುಖ್ಯ ಹನ್ನೆರಡು ಗಂಟೆಯ ಅಂತರ. ಪಾಳಿ ಬದಲಾದ ವಾರ ಕೆಲವರು ಎರಡು ಮಾತ್ರೆಯ ನಡುವೆ ಹದಿನೆಂಟು ಗಂಟೆ ಬಿಡುತ್ತಾರೆ, ಇನ್ನು ಕೆಲವರು ಆರೇ ಗಂಟೆಯಲ್ಲಿ ಎರಡನ್ನೂ ನುಂಗುತ್ತಾರೆ. ಆದ್ದರಿಂದ ವೈದ್ಯರ ಬಳಿ ಹೋದಾಗ 'ನನ್ನದು ಪಾಳಿ ಕೆಲಸ' ಎಂದು ಮೊದಲೇ ಹೇಳಿ, ಗಡಿಯಾರದ ವೇಳೆ ಬರೆಸಿಕೊಳ್ಳುವುದು ಒಳಿತು. ಬೆಳಿಗ್ಗೆ 9, ರಾತ್ರಿ 9 ಎಂದು ಗೊತ್ತಾದರೆ ಯಾವ ಪಾಳಿಯಾದರೂ ಮೊಬೈಲ್ ಅಲಾರಂ ಸಾಕು.

ರಾತ್ರಿ ಪಾಳಿಯೇ ಬೇಡ ಎನ್ನುವುದು ಸುಲಭವಾದ ಸಲಹೆ. ಅದನ್ನು ಪಡೆಯಬೇಕಾದರೆ ರೋಗವನ್ನು ಹೇಳಿಕೊಳ್ಳಬೇಕು, ಹೇಳಿಕೊಂಡರೆ ಕೆಲಸವೇ ಹೋದೀತೆಂಬ ಭಯ. ಆ ಭಯ ಸುಳ್ಳೆನ್ನಲಾಗದು. ಇತ್ತ ಪಾಳಿಯ ಅವಧಿಯೂ ಹಿಗ್ಗುತ್ತಿದೆ. ವಾರಕ್ಕೆ 48 ಗಂಟೆಯ ಮಿತಿ ಉಳಿಸಿಕೊಂಡು ದಿನಕ್ಕೆ 12 ಗಂಟೆವರೆಗೆ ದುಡಿಸಲು ಅವಕಾಶ ನೀಡುವಂತೆ ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಿತು. ಗುಜರಾತ್ 2025ರ ಜುಲೈನಲ್ಲಿ ಇಂಥದ್ದೇ ಸುಗ್ರೀವಾಜ್ಞೆ ಹೊರಡಿಸಿತು. ಎರಡೂ ಕಡೆ ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕು. ಮೂರ್ಛೆರೋಗ ಇರುವವರು ಆ ಕಾಗದಕ್ಕೆ ಸಹಿ ಹಾಕುವ ಮುನ್ನ ವೈದ್ಯರನ್ನು ಕೇಳುವುದು ಮೇಲು. 'ರಾತ್ರಿ ಪಾಳಿ ಬೇಡ' ಎಂಬ ವೈದ್ಯರ ಪತ್ರ ಸಿಕ್ಕರೆ ಸರಿ. ಸಿಗದಿದ್ದರೆ ವಾರಕ್ಕೊಮ್ಮೆ ಬದಲಾಗುವ ಪಾಳಿಗಿಂತ ಒಂದೇ ಪಾಳಿಯಲ್ಲಿ ಉಳಿಯುವುದು, ಹಗಲು ಮಲಗುವ ಕೋಣೆಗೆ ದಪ್ಪ ಪರದೆ ಹಾಕುವುದು, ರಜೆಯ ದಿನವೂ ಮಲಗುವ ವೇಳೆಯನ್ನು ಪೂರ್ತಿ ತಿರುಗಿಸದಿರುವುದು ಕೈಲಾಗುವ ಕೆಲಸಗಳು.

ಕೆಲಸದಂತೆ ಹಬ್ಬಗಳೂ ನಿದ್ದೆ ಕದಿಯುತ್ತವೆ. ವಡೋದರಾದಲ್ಲಿ ನವರಾತ್ರಿಯ ಒಂಬತ್ತು ರಾತ್ರಿ ಗರ್ಬಾ, ಕರಾವಳಿಯಲ್ಲಿ ಬೆಳತನಕದ ಯಕ್ಷಗಾನ, ಎಲ್ಲೆಡೆ ಶಿವರಾತ್ರಿಯ ಜಾಗರಣೆ. ಅದರ ಜೊತೆ ಉಪವಾಸವೂ ಸೇರಿದರೆ 'ಹೊಟ್ಟೆ ಖಾಲಿ, ಮಾತ್ರೆ ಬೇಡ' ಎಂದು ಬಿಟ್ಟುಬಿಡುತ್ತಾರೆ. ರಂಜಾನ್ ತಿಂಗಳಲ್ಲಿ ಸಹರಿಗೆಂದು ನಸುಕಿಗೆ ಮುನ್ನ ಏಳುವವರಿಗೂ ಇದೇ ಸಮಸ್ಯೆ. ಹಬ್ಬಕ್ಕೆ ಮುಂಚೆಯೇ ವೈದ್ಯರನ್ನು ಕಂಡರೆ ಮಾತ್ರೆಯ ವೇಳೆ ಹೊಂದಿಸಿಕೊಡಬಲ್ಲರು. ಹಗಲು ಒಂದು ಒಳ್ಳೆಯ ನಿದ್ದೆ ಮಾಡಿ, ನಡುರಾತ್ರಿಗೆ ಮುನ್ನ ಮನೆಗೆ ಬಂದರೂ ಹಬ್ಬ ಹಬ್ಬವೇ.

ಬಾಣಂತಿಯರ ಕಥೆ ಇನ್ನೂ ಕಷ್ಟ. ಮಗು ಎರಡು ಗಂಟೆಗೊಮ್ಮೆ ಎಬ್ಬಿಸುತ್ತದೆ, ಮಾತ್ರೆ ಮರೆತುಹೋಗುತ್ತದೆ. ಇಲ್ಲಿ ತವರಿನ ಬಾಣಂತನ ನಿಜಕ್ಕೂ ಔಷಧದಂತೆ ಕೆಲಸ ಮಾಡುತ್ತದೆ. ರಾತ್ರಿ ಒಂದು ಹೊತ್ತಿನ ಹಾಲನ್ನು ಹಿಂಡಿಟ್ಟು ಅಮ್ಮನೋ ಗಂಡನೋ ಕುಡಿಸಿದರೆ ತಾಯಿಗೆ ನಾಲ್ಕೈದು ಗಂಟೆ ಎಡೆಬಿಡದ ನಿದ್ದೆ ಸಿಗುತ್ತದೆ. ಹಾಲುಣಿಸುವುದು ನೆಲದ ಮೇಲೆ ಹಾಸಿದ ಹಾಸಿಗೆಯಲ್ಲಾದರೆ ಮಗುವಿಗೂ ಕ್ಷೇಮ. ತಲೆಗೆ ಸುಡುಸುಡು ನೀರು ಹೊಯ್ಯುವ ಬಾಣಂತಿ ಸ್ನಾನದ ಬಗ್ಗೆಯೂ ಎಚ್ಚರ ಬೇಕು. ಬಿಸಿನೀರು ತಲೆಗೆ ಬಿದ್ದಾಗ ಬರುವ ಮೂರ್ಛೆ ದಕ್ಷಿಣ ಕರ್ನಾಟಕದಿಂದಲೇ ಅತಿ ಹೆಚ್ಚು ವರದಿಯಾಗಿರುವ ಬಗೆ.

ವೈದ್ಯರ ಬಳಿ ಹೋಗುವಾಗ

ಸರಿಯಾದ ಚಿಕಿತ್ಸೆ ಸಿಕ್ಕರೆ ನೂರಕ್ಕೆ 70 ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೆ ದುಬಾರಿ ಔಷಧವೇ ಬೇಕೆಂದಿಲ್ಲ. ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕಿನಲ್ಲಿ ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ತಂಡ ಅಗ್ಗದ ಫಿನೊಬಾರ್ಬಿಟೋನ್, ಫಿನಿಟೋಯಿನ್ ಮಾತ್ರೆಗಳಿಂದಲೇ ಹಳ್ಳಿಯ ಜನರ ರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿತ್ತು. ಅದರ ಫಲಿತಾಂಶ 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. 2022ರಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮದಡಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮೂರ್ಛೆರೋಗದ ತರಬೇತಿ ಕೊಡಲಾಗುತ್ತಿದೆ.

ಡ್ರೈವಿಂಗ್ ಲೈಸೆನ್ಸ್ ಅರ್ಜಿಯ ಫಾರ್ಮ್ 1ರಲ್ಲಿ ಮೂರ್ಛೆರೋಗ ಇದೆಯೇ ಎಂಬ ನೇರ ಪ್ರಶ್ನೆಯಿದೆ. ಸುಳ್ಳು ಬರೆದು ಲೈಸೆನ್ಸ್ ಪಡೆದು, ರಾತ್ರಿ ಪಾಳಿ ಮುಗಿಸಿ ಬೈಕ್ ಏರುವುದು ತನಗೂ ದಾರಿಹೋಕರಿಗೂ ಅಪಾಯ. ಮದುವೆಯ ವಿಷಯದಲ್ಲಿ ಮಾತ್ರ ಕಾನೂನು ಬದಲಾಗಿ ಬಹಳ ಕಾಲವಾಯಿತು. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯಾಗಿದ್ದ ರೋಗಗಳ ಪಟ್ಟಿಯಿಂದ ಮೂರ್ಛೆರೋಗವನ್ನು 1999ರಲ್ಲೇ ತೆಗೆಯಲಾಗಿದೆ. ಬಚ್ಚಿಟ್ಟು ಮದುವೆಯಾಗಿ, ಗುಟ್ಟಾಗಿ ಮಾತ್ರೆ ನುಂಗುವ, ಸಿಕ್ಕಿಬೀಳುವ ಭಯಕ್ಕೆ ನಿದ್ದೆ ಬಾರದ ಹೆಣ್ಣುಮಕ್ಕಳು ಇಂದಿಗೂ ಇದ್ದಾರೆ.

ವೈದ್ಯರನ್ನು ಕಾಣುವ ಮುನ್ನ ಒಂದು ತಿಂಗಳು ಕ್ಯಾಲೆಂಡರಿನ ಮೇಲೆ ನಾಲ್ಕು ವಿಷಯ ಗುರುತು ಹಾಕಿಕೊಳ್ಳಿ. ಎಷ್ಟಕ್ಕೆ ಮಲಗಿದ್ದು, ಎಷ್ಟಕ್ಕೆ ಎದ್ದದ್ದು, ಎರಡು ಹೊತ್ತಿನ ಮಾತ್ರೆ ಯಾವ ವೇಳೆಗೆ ನುಂಗಿದ್ದು, ಫಿಟ್ಸ್ ಬಂದಿದ್ದರೆ ಎಷ್ಟು ಗಂಟೆಗೆ. ಪಾಳಿ ಕೆಲಸವಿದ್ದರೆ ಯಾವ ಪಾಳಿ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಗೊರಕೆ ಹೊಡೆಯುವವರಾದರೆ ಪಕ್ಕದಲ್ಲಿ ಮಲಗುವವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಆ ಹಾಳೆಯನ್ನು ನೋಡಿದ ಮೇಲೆ ಮಾತ್ರೆ ಬದಲಿಸಬೇಕೋ, ವೇಳೆ ಬದಲಿಸಬೇಕೋ, ನಿದ್ರೆಯ ಪರೀಕ್ಷೆ ಮಾಡಿಸಬೇಕೋ ಎಂಬುದನ್ನು ವೈದ್ಯರು ಹೇಳುತ್ತಾರೆ. ಅಲ್ಲಿಯವರೆಗೆ ಈಗಿರುವ ಮಾತ್ರೆಯನ್ನು ಒಂದು ಹೊತ್ತೂ ನಿಲ್ಲಿಸಬೇಡಿ.